ನವಮಿಯ ಆರತಿ, ಗಟಾರದ ಪೆಟ್ರೋಲು

ಅಪ್ಪಾ,

ತೀರ್ಥರೂಪ, ಶಿರಸಾಷ್ಟಾಂಗ ಎಂದೆಲ್ಲ ಬರೆದರೆ ನೀನು ಓದುವ ಮೊದಲೇ ನಗುತ್ತೀ. "ಪಂಪ್ ಬಿಚ್ಚೂ ಹುಡುಗಿ ಕೈಯಾಗ ಇಂಥಾ ಅಕ್ಷರ ಯಾವಾಗ ಬಂದ್ವು?" ಎನ್ನುತ್ತೀ. ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯಬಹುದು, ಅತ್ತಲಿನದನ್ನು ಯಾರನ್ನು ಕೇಳಲಿ? ಅದಕ್ಕೇ ಸೀದಾ ವಿಷಯಕ್ಕೆ ಬರುತ್ತೇನೆ. ಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಈ ಸಲ ನವಮಿಯಂದು, ಆಯುಧಗಳ ಖಂಡೇಪೂಜೆಯ ದಿನ, ಇಡೀ ಗಲ್ಲಿಯ ಮುಂದೆ ಹೇಳಿಬಿಟ್ಟೆ. ಆ ಮಾತು ನಿನಗೂ ನನಗೂ ಬಿಟ್ಟರೆ ಮತ್ಯಾರಿಗೂ ಗೊತ್ತಿರಲಿಲ್ಲ. ಹೇಳಿದ ಮೇಲೆ ಏನೇನಾಯಿತು ಎಂಬುದು ನಿನಗೆ ತಿಳಿಯಬೇಕು. ಬೇರೆ ಯಾರ ಬಾಯಿಂದಲೋ ಕೇಳುವ ಬದಲು ನನ್ನಿಂದಲೇ ಕೇಳು.

ಮನೆಯ ಮಿಕ್ಸರ್ ಬಿಚ್ಚಿ, ತಿರುಗಿ ಕೂಡಿಸಿ, ಒಂದು ಸ್ಕ್ರೂ ಉಳಿಸಿಕೊಂಡು ಕುಳಿತಿದ್ದೆನಲ್ಲ, ಆ ದಿನ ನೆನಪಿದೆಯೇ? ಅವ್ವ ಬಯ್ಯುತ್ತಿದ್ದಳು. ನೀನು ಆ ಸ್ಕ್ರೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಉಳದದ್ದು ಒಂದ ಅಲ್ಲ? ನಾ ಕಲಿಯೂ ಮುಂದ ನಾಕ ಉಳೀತಿದ್ವು" ಎಂದೆ. ಮರುದಿನ ಖಾನಾಪುರದಿಂದ ಬೆಳಿಗ್ಗೆಯ ಬಸ್ಸಿನಲ್ಲಿ ನನ್ನನ್ನೂ ಆಟೋ ನಗರದ ನಿನ್ನ ಗ್ಯಾರೇಜಿಗೆ ಕರೆದುಕೊಂಡು ಹೋದೆ. ಲಾರಿಗಳ ಡೀಸೆಲ್ ಪಂಪ್ ಬಿಚ್ಚಿ ತೊಳೆಯುವ ಮೇಜಿನ ಮುಂದೆ ಕೂರಿಸಿದೆ. ಹೆಣ್ಣುಮಗಳು ಗ್ಯಾರೇಜಿನಲ್ಲಿ ಏನು ಮಾಡುತ್ತಾಳೆ ಎಂದು ಕೇಳಿದವರಿಗೆಲ್ಲ, "ನನಗಿಂತ ಚಲೋ ಮಾಡ್ತಾಳ, ಅದಕ್ಕ ಕುಂದರಸೇನಿ" ಎನ್ನುತ್ತಿದ್ದೆ. ಅದು ಅರ್ಧ ಸುಳ್ಳು. ಆದರೆ ಆ ಸುಳ್ಳನ್ನು ಖರೆ ಮಾಡಲು ನಾನು ಹತ್ತು ವರ್ಷ ದುಡಿದೆ.

ಒಬ್ಬ ಗಿರಾಕಿಯ ಮುಂದೆ ನೀನು ಬೆಂಕಿಕಡ್ಡಿ ಗೀರಿ ಡೀಸೆಲ್ ತುಂಬಿದ ತಟ್ಟೆಯೊಳಗೆ ಹಾಕಿದ್ದೂ ಕಣ್ಣಿಗೆ ಕಟ್ಟಿದೆ. ಗಿರಾಕಿ ಎದ್ದು ಓಡಿದ. ಕಡ್ಡಿ ಚುರ್ ಎಂದು ಆರಿಹೋಯಿತು. "ನೋಡ್ರಿ, ಇದು ಬಡವ ಎಣ್ಣಿ, ಹಂಗ ಸಿಟ್ಟಿಗೇಳೂದಿಲ್ಲ" ಎಂದು ನೀನು ನಕ್ಕೆ. ನಾವೆಲ್ಲರೂ ನಕ್ಕೆವು. ಡೀಸೆಲ್ ಜೊತೆ ಬದುಕಿದ ಮಂದಿ ನಾವು, ಕೈ ತೊಳೆದದ್ದು ಅದರಲ್ಲಿ, ನೆಲ ಒರೆಸಿದ್ದು ಅದರಲ್ಲಿ. ವರ್ಷಕ್ಕೆ ಒಂದೇ ಸಲ, ಖಂಡೇಪೂಜೆಗೆ, ಪೆಟ್ರೋಲು ತರಿಸುತ್ತಿದ್ದೆವು, ಬೇಗ ಆರುತ್ತದೆ, ಕಬ್ಬಿಣ ಕನ್ನಡಿಯ ಹಾಗೆ ಮಿಂಚುತ್ತದೆ ಎಂದು. ಮಷೀನುಗಳಿಗೆ ಅಭ್ಯಂಜನ ಎಂದು ನೀನು ಹೇಳುತ್ತಿದ್ದೆ. ಡೀಸೆಲ್ಲಿನ ಧೈರ್ಯವನ್ನೇ ಪೆಟ್ರೋಲಿನ ಮುಂದೆಯೂ ತೋರಿಸಿದೆವಲ್ಲ, ನಮ್ಮ ತಪ್ಪು ಅಲ್ಲಿಂದಲೇ ಶುರುವಾಯಿತು. ನಮ್ಮೊಬ್ಬರದಲ್ಲ, ಆ ಗಲ್ಲಿಯ ಎಲ್ಲರದೂ ಅದೇ ತಪ್ಪು.

ಆ ನವಮಿಯ ಬೆಳಿಗ್ಗೆ ನೀನು ಬಿಳಿ ಧೋತರ ಉಟ್ಟಿದ್ದೆ. ನಾನು ಲೇತ್ ತೊಳೆದು, ಬೆಂಚು ತೊಳೆದು, ಡಬ್ಬಿಯಲ್ಲಿ ಉಳಿದ ಪೆಟ್ರೋಲನ್ನು ನೆಲಕ್ಕೆ ಚೆಲ್ಲಿ, ಕಸಬರಿಗೆ ಹಿಡಿದು ಬಾಗಿಲ ಮುಂದಿನ ಗಟಾರಕ್ಕೆ ಗುಡಿಸಿ ಹಾಕಿದೆ. ಪ್ರತಿವರ್ಷ ಹಾಗೇ ಮಾಡುತ್ತಿದ್ದೆ. ನೀನು ಒಳಗೆ ಎತ್ತರದ ಕಪಾಟಿನ ಮೇಲೆ ದೇವಿಯ ಫೋಟೋಗೆ ಚೆಂಡು ಹೂವಿನ ಮಾಲೆ ಹಾಕಿ, ತಟ್ಟೆಯಲ್ಲಿ ಕರ್ಪೂರ ಹಚ್ಚಿದ್ದೆ. ಆಮೇಲೆ ಒಮ್ಮೆಲೇ ಮೂಗು ಎತ್ತಿದೆ. ಸುಟ್ಟ ಕ್ಲಚ್ಚನ್ನು ರಸ್ತೆಯಿಂದಲೇ ಹಿಡಿಯುವ ಮೂಗು ನಿನ್ನದು.

"ವಾಸನಿ ಭಾಳ ಐತಲ್ಲ ಶೋಭಾ. ಆರತಿ ಶಾಂತ ಮಾಡಿಬಿಡ್ಲೇನು?" ಎಂದೆ.

ನಾನು ಏನಂದೆ? "ಬ್ಯಾಡ ಯಪ್ಪಾ, ನವಮಿ ದಿನಾ ಆರತಿ ಆರಸ್ತಾರೇನು? ಹೊರಗ ಒಯ್ಯಿ" ಎಂದೆ. ಹಚ್ಚಿದ ಆರತಿಯನ್ನು ಮನುಷ್ಯ ಆರಿಸಬಾರದು, ಆರಿಸಿದರೆ ಮನೆಗೆ ಕೇಡು ಎಂದು ಅವ್ವ ನನಗೆ ಚಿಕ್ಕಂದಿನಲ್ಲೇ ಕಲಿಸಿದ್ದಳು. ನೀನು ನನ್ನ ಮಾತಿಗೆ ಎದುರಾಡುವವನೂ ಅಲ್ಲ. ತಟ್ಟೆಯನ್ನು ಕಪಾಟಿನಿಂದ ಇಳಿಸಿದೆ. ಗಾಳಿಗೆ ಆರಬಾರದೆಂದು ಅಂಗೈ ಅಡ್ಡ ಹಿಡಿದು, ಬಗ್ಗಿ, ಹೊಸ್ತಿಲು ದಾಟಿ, ಗಟಾರದ ಮೇಲಿನ ಫರಶಿ ಕಲ್ಲಿಗೆ ಕಾಲಿಟ್ಟೆ, ಮತ್ತೆ…

ಅದನ್ನು ಬರೆಯುವುದಿಲ್ಲ. ನೀನು ಅಲ್ಲಿದ್ದೆ, ನಾನೂ ಅಲ್ಲಿದ್ದೆ.

ದವಾಖಾನೆಯಲ್ಲಿ ಪೊಲೀಸರು ಬಂದು ಹೇಗಾಯಿತು ಎಂದು ಕೇಳಿದಾಗ ನೀನು ನನ್ನ ಕಡೆ ಒಮ್ಮೆ ನೋಡಿದೆ. "ನಂದ ತಪ್ಪಾತ್ರಿ ಸಾಹೇಬ್ರ. ನನಗ ಲಕ್ಷ್ಯ ಇರಲಿಲ್ಲ" ಎಂದೆ. ಅವ್ವ ಕಾಟಿನ ಆ ಬದಿಗೆ ನಿಂತು ಕೇಳಿಸಿಕೊಂಡಳು. ನಾನು ಈ ಬದಿಗೆ ನಿಂತಿದ್ದೆ. ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನೀನು ನನ್ನನ್ನು ಉಳಿಸಿದೆ ಎಂದು ಜನ ತಿಳಿದರೆ ನಿನ್ನನ್ನು ದೊಡ್ಡವನು ಎನ್ನುತ್ತಾರೆ. ನನಗೆ ಮಾತ್ರ ಎಷ್ಟೋ ದಿನ ನಿನ್ನ ಮೇಲೆ ಸಿಟ್ಟು ಬರುತ್ತಿತ್ತು. ಯಾಕೆ ಮುಚ್ಚಿಟ್ಟೆ? ಒಂದು ಮಾತು ಬಯ್ದಿದ್ದರೆ ಅಳುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಒಂಬತ್ತು ದಿನ ನೀನು ಬದುಕಿದ್ದೆ. ಒಂಬತ್ತು ದಿನವೂ "ಉಂಡಿ ಏನು?" ಎಂದು ಕೇಳಿದೆಯೇ ಹೊರತು ಬೇರೆ ಏನೂ ಕೇಳಲಿಲ್ಲ.

ನೀನು ಹೋದ ಮೇಲೆ ಗಲ್ಲಿಯವರು ತಮಗೆ ತೋಚಿದ ಹಾಗೆ ಕಾರಣ ಹುಡುಕಿದರು. ದೇವಿ ಪೂಜೆ ಒಲ್ಲೆ ಎಂದಳು ಅಂದರು, ಮುಹೂರ್ತ ತಪ್ಪಿತ್ತು ಅಂದರು. ಅವ್ವ ಖಾನಾಪುರದ ಅಣ್ಣನ ಮನೆಯಲ್ಲಿ ನವರಾತ್ರಿಗೆ ದೇವಿಯ ಘಟ್ಟ ಹಾಕುವುದನ್ನೇ ಬಿಟ್ಟಳು. ದೇವಿಯ ಜೊತೆ ಮಾತು ಬಿಟ್ಟಳು ಎನ್ನು. ನಿನ್ನ ಹಳೆಯ ಜೋಡಿ ರಫೀಕ್ ಚಾಚಾ ಒಬ್ಬರೇ ಸಿಕ್ಕವರಿಗೆಲ್ಲ ತಮ್ಮ ತಪ್ಪು ಹೇಳಿಕೊಂಡು ತಿರುಗಿದರು. "ನಾ ನೀರ ಹಾಕಬಾರದಿತ್ತವಾ. ಉರಿಯೂ ಪೆಟ್ರೋಲು ನೀರಿನ ಮ್ಯಾಲೆ ತೇಲಕೋತ ಬಾಜೂ ಅಂಗಡಿಗೂ ಹೋತು" ಎಂದು ಕಣ್ಣೀರು ಒರೆಸಿಕೊಳ್ಳುವರು. ಗಲ್ಲಿಯ ಎಲ್ಲರೂ ಕೊಡಗಟ್ಟಲೆ ನೀರು ತಂದು ಸುರಿದಿದ್ದರು ಅಪ್ಪಾ, ಅವರೊಬ್ಬರೇ ಅಲ್ಲ. ಅವರು ಹೇಳಿಕೊಂಡಾಗಲೆಲ್ಲ ನಾನು ನನ್ನ ತಪ್ಪು ಮುಚ್ಚಿಕೊಂಡೆ. ಸಮಾಧಾನ ಮಾಡುವ ನೆಪದಲ್ಲಿ ಚಹಾ ತರಲು ಎದ್ದು ಹೋಗುತ್ತಿದ್ದೆ.

ವರ್ಷ ತುಂಬಿದ ಮೇಲೆ ಒಂದು ಮಧ್ಯಾಹ್ನ ಅಗ್ನಿಶಾಮಕ ಠಾಣೆಗೆ ಹೋದೆ. ಅಂದು ನಮ್ಮ ಗಲ್ಲಿಗೆ ಬಂದಿದ್ದ ಸಾಹೇಬರೇ ಕುಳಿತಿದ್ದರು. "ಹೆಂಗಾತು ಅನ್ನೂದು ನನಗ ತಿಳೀಬೇಕ್ರಿ" ಎಂದೆ. ಅವರು ಪುಸ್ತಕ ತೆಗೆಯಲಿಲ್ಲ. ಮಳೆನೀರಿಗೆ ಸೂರಿಗೆ ಕಟ್ಟುವ ತಗಡಿನ ದೋಣಿಯೊಂದನ್ನು ಅಂಗಳದಲ್ಲಿ ಇಳಿಜಾರಾಗಿ ನಿಲ್ಲಿಸಿದರು. ಮೇಲಿನ ತುದಿಗೆ ಪೆಟ್ರೋಲಿನಲ್ಲಿ ಅದ್ದಿದ ಚಿಂದಿ, ಕೆಳಗಿನ ತುದಿಗೆ ಉರಿಯುವ ಮೇಣದ ಬತ್ತಿ. ಚಿಂದಿಗೂ ಬತ್ತಿಗೂ ನಡುವೆ ಒಂದು ಮಾರಿಗಿಂತ ಹೆಚ್ಚು ಅಂತರ. ದೋಣಿಯಲ್ಲಿ ಏನೂ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬತ್ತಿಯಿಂದ ಉರಿ ಎದ್ದು, ಖಾಲಿ ದೋಣಿಯ ಗುಂಟ ಮೇಲಕ್ಕೆ ಓಡಿ ಚಿಂದಿಯನ್ನು ಹಿಡಿಯಿತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಉರಿಯೂದು ಪೆಟ್ರೋಲ ಅಲ್ರಿ ಅಕ್ಕಾರ, ಅದರ ಹಬಿ" ಎಂದರು ಸಾಹೇಬರು. "ಈ ಹಬಿ ಹೊಗಿ ಹಂಗ ಮ್ಯಾಲೆ ಹೋಗೂದಿಲ್ಲ. ನೆಲಾ ಹಿಡದು ನಡೀತೈತಿ, ತಗ್ಗು ಸಿಕ್ರ ತುಂಬಕೊಂಡು ಕುಂದರ್ತೈತಿ. ನಿಮ್ಮ ಗಟಾರದಾಗ ತುಂಬಿತ್ತು. ಆರತಿ ಎಲ್ಲಿತ್ರಿ?"

"ಎತ್ತರಕ್ಕ, ಕಪಾಟಿನ ಮ್ಯಾಲೆ."

"ಹಂಗಾರ ಅಲ್ಲೇ ಮುಚ್ಚಿಬಿಡಬೇಕಿತ್ತು. ಹಬಿ ಇನ್ನೂ ಅಲ್ಲೀತನಾ ಏರಿರಲಿಲ್ಲ. ಒಂದು ತಾಟು ಬೋರಲ ಹಾಕಿದ್ರ ಮುಗೀತಿತ್ತು. ತಗ್ಗಿಗೆ ಯಾಕ ಒಯ್ದರು?"

"ಅವರ ತಾವಾಗಿ ಒಯ್ದರ್ರಿ" ಎಂದೆ.

ನಾನು ಆಡಿದ ಸುಳ್ಳುಗಳಲ್ಲಿ ಅಷ್ಟು ಚಿಕ್ಕದು ಬೇರೆ ಇಲ್ಲ, ಅಷ್ಟು ಭಾರದ್ದೂ ಇಲ್ಲ. ಬಸ್ಸು ಹತ್ತದೆ ಮಹಾಂತೇಶ ನಗರದ ನನ್ನ ಮನೆಯತನಕ ನಡೆದುಕೊಂಡೇ ಬಂದೆ. ನಮ್ಮ ಗಲ್ಲಿಯಲ್ಲಿ ಇನ್ನೊಬ್ಬರು ಹೀಗೆ ಸಾಯಬಾರದು ಎಂದು ದಾರಿಯಲ್ಲೇ ಗಟ್ಟಿ ಮಾಡಿಕೊಂಡೆ. ನಿಜ ಹೇಳುವ ಧೈರ್ಯ ಇಲ್ಲದಿದ್ದರೆ ಹೋಗಲಿ, ಕೆಲಸವನ್ನಾದರೂ ಮಾಡೋಣ ಎಂದು. ಕಳ್ಳನ ಹರಕೆ ಇದ್ದ ಹಾಗೆ.

ಮರಳಿನ ಡ್ರಮ್ಮು ತಂದು ನಿಲ್ಲಿಸಿದ ದಿನ ನೀನು ಇರಬೇಕಿತ್ತು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಹಳೆಯ ಎಣ್ಣೆ ಡ್ರಮ್ಮುಗಳನ್ನು ಅರ್ಧಕ್ಕೆ ಕೊಯ್ದು, ಕೆಂಪು ಬಣ್ಣ ಬಳಿದು, ಒಣ ಮರಳು ತುಂಬಿ ಪ್ರತಿ ಎಂಟು ಅಂಗಡಿಗೆ ಒಂದರಂತೆ ಇಟ್ಟೆ. ವಾರದೊಳಗೆ ಎಲ್ಲ ಡ್ರಮ್ಮುಗಳೂ ಎಲೆ ಅಡಿಕೆ ಉಗುಳುವ ಪೀಕದಾನಿಗಳಾದವು. ನನಗೆ "ಬೆಂಕಿ ಅಕ್ಕ" ಎಂದು ಹೆಸರು ಬಿತ್ತು. ಬಾಜೂ ಅಂಗಡಿಯ ಪರಶುರಾಮ ಕಾಕಾ, ಗಾಡಿಗಳಿಗೆ ಬಣ್ಣ ಹೊಡೆಯುವ ನಿನ್ನ ಚಹಾದ ಗೆಳೆಯ, ನನ್ನ ಕಾಟಕ್ಕೆ ಬೆಂಕಿ ಆರಿಸುವ ಸಿಲಿಂಡರ್ ತಂದು ಗೋಡೆಗೆ ಹಾಕಿಸಿದರು. ಮುಂದಿನ ನವಮಿಗೆ ನೋಡಿದರೆ ಅದಕ್ಕೂ ಕುಂಕುಮ, ಮಾಲೆ! ಅದೂ ಆಯುಧವೇ ಅಲ್ಲವೇ? ಪೂಜೆಯ ದಾರವನ್ನು ಅದರ ಹಿಡಿಕೆಗೂ ಪಿನ್ನಿಗೂ ಸೇರಿಸಿ ಹತ್ತು ಸುತ್ತು ಬಿಗಿದು ಗಂಟು ಹಾಕಿದ್ದರು. ದೇವಿಯೇ ಬಂದು ಒತ್ತಿದ್ದರೂ ಅದು ಚಿಮ್ಮುತ್ತಿರಲಿಲ್ಲ. ನಾನು ಕತ್ತರಿ ತಂದು ಕತ್ತರಿಸಿದೆ. ಕಾಕಾ ಎರಡು ದಿನ ಮುಖ ಊದಿಸಿಕೊಂಡಿದ್ದರು.

ಹಿತ್ತಲ ಗಿಡ ಮದ್ದಲ್ಲ, ಗೊತ್ತೇ ಇದೆ. ಆದರೂ ಬಿಡಲಿಲ್ಲ ಅಪ್ಪಾ. ತೊಳೆಯಲು ಪೆಟ್ರೋಲು ಬೇಡ ಎಂದೆ, ಗೊಣಗಿ ಬಿಟ್ಟರು. ಗಟಾರಕ್ಕೆ ಎಣ್ಣೆ ಗುಡಿಸಬೇಡಿ ಎಂದೆ, ಅದನ್ನೂ ಬಿಟ್ಟರು. ಚೆಲ್ಲಿದಾಗ ಅಂಗಡಿಯ ಸ್ವಿಚ್ಚು ಮುಟ್ಟಬೇಡಿ, ಗಾಡಿ ಚಾಲೂ ಮಾಡಬೇಡಿ, ಗಾಳಿ ಬರುವ ದಿಕ್ಕಿಗೆ ಸರಿದು ನಿಲ್ಲಿ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ರಫೀಕ್ ಚಾಚಾ ನೀರಿನ ಕಥೆಯನ್ನು ತಾವೇ ನಿಂತು ಹೇಳಿದರು. ಒಂದು ಮಾತಿಗೆ ಮಾತ್ರ ಯಾರೂ ಒಪ್ಪಲಿಲ್ಲ. ದೀಪ ಇದ್ದರೆ ಇದ್ದಲ್ಲೇ ಮುಚ್ಚಿ ಎಂದಾಗ ಎಲ್ಲರೂ ನೆಲ ನೋಡುತ್ತಿದ್ದರು. "ಹೊರಗ ಒಯ್ದರಾತಲ್ಲ" ಎಂದು ಒಬ್ಬರಾದರೂ ಹೇಳಿಯೇ ಹೇಳುವರು. ಆ ಮಾತು ಕೇಳಿದಾಗಲೆಲ್ಲ ನನ್ನದೇ ದನಿ ಕೇಳಿದಂತಾಗುತ್ತಿತ್ತು. ಹೊರಗೆ ಒಯ್ದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು, ಯಾಕೆ ಗೊತ್ತು ಎಂದು ಹೇಳುವಂತಿರಲಿಲ್ಲ. ಅರ್ಧ ಹೇಳಿದ ಪಾಠ ಯಾರಿಗೆ ತಟ್ಟುತ್ತದೆ?

ಈ ಸಲದ ನವಮಿ. ಹೊತ್ತು ಏರಿತ್ತು, ಗಲ್ಲಿಯ ತುಂಬ ಕಬ್ಬು, ಕುಂಬಳಕಾಯಿ, ಊದುಬತ್ತಿ. ನಾನು ನಮ್ಮ ಅಂಗಡಿಯ ಮುಂದೆ ಲಾರಿಯ ಗಾಲಿಗೆ ನಿಂಬೆಹಣ್ಣು ಇಡುತ್ತಿದ್ದೆ. ಕಾಕಾ ರಂಗೋಲಿಗೆ ಜಾಗ ಮಾಡಲೆಂದು ಬಣ್ಣಕ್ಕೆ ಬೆರೆಸುವ, ಪೆಟ್ರೋಲಿನ ಹಾಗೇ ಹೊತ್ತುವ ಥಿನ್ನರಿನ ದೊಡ್ಡ ಡಬ್ಬಿಯನ್ನು ಎತ್ತಿ ಬದಿಗಿಡಲು ಹೋದರು. ಹಳೆಯ ಡಬ್ಬಿ, ತುಕ್ಕು ಹಿಡಿದ ಹಿಡಿಕೆ. ಕಿತ್ತು ಕೈಗೆ ಬಂತು. ಡಬ್ಬಿ ಮಗ್ಗುಲಾಗಿ ಬಿದ್ದು ಮುಚ್ಚಳ ಹಾರಿ, ಥಿನ್ನರು ಗಳಗಳ ಎಂದು ಅಂಗಡಿಯ ನೆಲದಿಂದ ಬಾಗಿಲಿನ ಕಡೆ, ಗಟಾರದ ಕಡೆ ಹರಿಯತೊಡಗಿತು. ಶಬ್ದಕ್ಕೆ ತಿರುಗಿದೆ. ಒಳಗೆ, ಎತ್ತರದ ಕಪಾಟಿನ ಮೇಲೆ, ಆರತಿ ಉರಿಯುತ್ತಿತ್ತು.

"ಎಲ್ಲಾರೂ ಹಿಂದ ಸರೀರಿ! ಗಾಡಿ ಮುಟ್ಟಬ್ಯಾಡ್ರಿ!" ಎಂದು ಕೂಗಿದೆ. "ಕಾಕಾ, ಆರತಿ ಅಲ್ಲೇ ಮುಚ್ಚರಿ!"

ಅಷ್ಟರಲ್ಲಿ ಕಾಕಾ ತಟ್ಟೆಗೆ ಕೈ ಹಾಕಿ ಎತ್ತಿಯಾಗಿತ್ತು. "ನವಮಿ ದಿನಾ ಆರತಿ ಮುಚ್ಚೂದಾ? ಕಾಯ ಬೋಲತೇಸ್ ಪೋರಿ, ಏನ ಮಾತ ಆಡ್ತಿ? ತಡಿ, ಹೊರಗ ಒಯ್ತೀನಿ" ಎಂದರು. ಬಲಗೈಯಲ್ಲಿ ತಟ್ಟೆ, ಎಡಗೈ ಉರಿಗೆ ಅಡ್ಡ. ಆ ಅಂಗೈ ನೋಡಿದೆ ಅಪ್ಪಾ. ನನ್ನ ಬಾಯಿ ನನ್ನನ್ನು ಕೇಳಲೇ ಇಲ್ಲ.

"ನಮ್ಮಪ್ಪಗ ಹೊರಗ ಒಯ್ಯಿ ಅಂದಾಕಿ ನಾನ ಕಾಕಾ! ಆರಸ್ತೀನಿ ಅಂದಾ ಅಂವಾ, ನಾನ ಬ್ಯಾಡ ಅಂದೆ! ಅದಕ್ಕ ಸತ್ತಾ! ಇಡ್ರಿ ಅದನ್ನ, ಮುಚ್ಚರಿ!"

ಎಲ್ಲೋ ಹಚ್ಚಿಟ್ಟಿದ್ದ ದೇವಿಯ ಹಾಡು ಮಾತ್ರ ನಡೆದಿತ್ತು. ಕಾಕಾ ನನ್ನನ್ನು ನೋಡಿದರು. ಆಮೇಲೆ ಹಿಂದಕ್ಕೆ ತಿರುಗಿ ತಟ್ಟೆಯನ್ನು ಕಪಾಟಿನ ಮೇಲೆ ಮತ್ತೆ ಇಟ್ಟರು. ಪ್ರಸಾದದ ಡಬರಿಯ ಮುಚ್ಚಳ ತೆಗೆದು ಅದರ ಮೇಲೆ ಬೋರಲು ಹಾಕಿ, ಎರಡೂ ಕೈಯಿಂದ ಒತ್ತಿ ಹಿಡಿದರು. ಊದುಬತ್ತಿಯನ್ನೂ ಅದರ ಕೆಳಗೇ ತುರುಕಿದರು. ಹಿಂದಿನ ಬಾಗಿಲಿನಿಂದ ಹೊರಗೆ ಬಂದರು.

ಆದರೆ ಅಲ್ಲಿಗೆ ಮುಗಿದಿರಲಿಲ್ಲ. ಕಾಕಾನ ಕಂಪ್ರೆಸರ್ ನಿನಗೆ ಗೊತ್ತಲ್ಲ, ಗಾಳಿ ಕಡಿಮೆಯಾದರೆ ತಾನೇ ಚಾಲೂ ಆಗುವಂಥದ್ದು. ಒಂದು ಕಿಡಿ ಸಾಕು. ಒಳಗೆ ಹೋಗಿ ಸ್ವಿಚ್ಚು ತೆಗೆಯುವಂತಿಲ್ಲ, ಸ್ವಿಚ್ಚಿನಲ್ಲೇ ಕಿಡಿ ಇರುತ್ತದೆ. ರಫೀಕ್ ಚಾಚಾ ನಾನು ಹೇಳುವ ಮೊದಲೇ ಗಲ್ಲಿಯ ತುದಿಯ ಕಂಬದ ಕಡೆ ಓಡಿದ್ದರು. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ನೋಡಬೇಕಿತ್ತು ನೀನು. ಅಲ್ಲಿಯ ಮೇನ್ ಎಳೆದರು, ಇಡೀ ಗಲ್ಲಿಯ ಕರೆಂಟು ಹೋಯಿತು, ದೇವಿಯ ಹಾಡೂ ನಿಂತಿತು. ಬೈಕುಗಳನ್ನು ಚಾಲೂ ಮಾಡದೆ ತಳ್ಳಿಕೊಂಡು ಹೋದರು. ಮಕ್ಕಳನ್ನು, ಹೆಂಗಸರನ್ನು ಗಾಳಿ ಬರುವ ಕಡೆಗೆ, ದೂರಕ್ಕೆ ಕಳಿಸಿದೆ. ಠಾಣೆಗೆ ಫೋನ್ ಮಾಡುವವರು ಗಲ್ಲಿಯ ಮೂಲೆ ದಾಟಿ ಹೋಗಿ ಮಾಡಿದರು. ನಾನು, ಇನ್ನಿಬ್ಬರು ಮೆಕ್ಯಾನಿಕ್‌ಗಳು ಮರಳು ಎತ್ತಿದೆವು, ಎಲೆ ಅಡಿಕೆಯ ಉಗುಳು, ಚೆಂಡು ಹೂವು ಎಲ್ಲ ಸೇರಿದ ಮರಳು. ಮೊದಲು ಗಟಾರದ ಬಾಯಿ ಕಟ್ಟಿದೆವು, ಆಮೇಲೆ ಹರಿವಿನ ಮುಂದೆ ಒಡ್ಡು ಹಾಕಿದೆವು. ಯಾರೋ ಒಬ್ಬ ಅಭ್ಯಾಸದ ಮೇಲೆ ಕೊಡ ನೀರು ತಂದ. ಚಾಚಾ ದೂರದಿಂದಲೇ, "ಲೇ, ನೀರ ಕೆಳಗ ಇಡೋ!" ಎಂದು ಹಾಕಿದ ಕೂಗಿಗೆ ಅವನ ಕೊಡವೇ ಕೈಜಾರಿತು. ಪುಣ್ಯಕ್ಕೆ ಅದು ರಸ್ತೆಯ ಆ ಬದಿ.

ಅಗ್ನಿಶಾಮಕ ಗಾಡಿ ಬಂತು. ಸಾಹೇಬರು ನೆಲದ ಮೇಲೆ ಬಿಳಿ ನೊರೆ ಹಾಸಿಸಿದರು, ಹಾಲು ಉಕ್ಕಿ ಚೆಲ್ಲಿದ ಹಾಗೆ ಅಂಗಡಿಯ ತುಂಬ. ಒಂದು ಯಂತ್ರ ಹಿಡಿದು ಗಟಾರದೊಳಗೆ, ಮೂಲೆ ಮೂಲೆಯಲ್ಲಿ ಹಬೆ ಅಳೆದರು. ಮೂಗನ್ನು ನಂಬಬೇಡಿ, ಅರ್ಧ ತಾಸಿನಲ್ಲಿ ಮೂಗಿಗೆ ರೂಢಿಯಾಗಿಬಿಡುತ್ತದೆ ಎಂದು ಎಲ್ಲರಿಗೂ ಹೇಳಿದರು. ಮಧ್ಯಾಹ್ನದ ಹೊತ್ತಿಗೆ, "ಇನ್ನ ಭಯಾ ಇಲ್ಲ" ಎಂದರು. ಒಂದು ಕಿಡಿ ಏಳಲಿಲ್ಲ ಅಪ್ಪಾ. ಒಬ್ಬರ ಕೂದಲೂ ಸುಡಲಿಲ್ಲ. ಆಗ ಲಾರಿಯ ಗಾಲಿಗೆ ಆತು ಕುಳಿತುಬಿಟ್ಟೆ.

ಕಾಕಾ ಚಹಾ ತಂದು ಕೊಟ್ಟು ಬಾಜೂಕ್ಕೆ ಕುಳಿತರು. ಆಮೇಲೆ, "ನಿಮ್ಮವ್ವಗ ಹೇಳೀಯೇನು?" ಎಂದರು.

"ಇಲ್ಲ ಕಾಕಾ."

"ಹಂಗಾರ ಇವತ್ತ ಹೋಗು. ನಮ್ಮ ಗಲ್ಲಿ ಬಾಯಿ ನಿನಗ ಗೊತ್ತಿಲ್ಲೇನು? ನಿನಗಿಂತ ಮೊದಲ ಖಾನಾಪುರ ಮುಟ್ಟತೈತಿ."

ನಾನು ಹೋದಾಗ ಅವ್ವ ಪಡಸಾಲೆಯಲ್ಲಿ ಹೋಳಿಗೆಗೆ ಶೇಂಗಾ ಸಿಪ್ಪೆ ಉಜ್ಜುತ್ತಿದ್ದಳು. ಎದುರು ಕುಳಿತು ಎಲ್ಲವನ್ನೂ ಹೇಳಿದೆ, ಗುಡಿಸಿ ಹಾಕಿದ ಪೆಟ್ರೋಲಿನಿಂದ ಹಿಡಿದು ಸಾಹೇಬರ ಮುಂದೆ ಆಡಿದ ಸುಳ್ಳಿನ ತನಕ. ಅವಳ ಕೈ ನಿಲ್ಲಲಿಲ್ಲ. ನಾನು ಮುಗಿಸಿದ ಮೇಲೆ ನಿಂತಿತು. ಅಳುತ್ತಾಳೆ, ಇಲ್ಲವೇ ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ನಿನ್ನ ಹೆಂಡತಿ ಎರಡನ್ನೂ ಮಾಡಲಿಲ್ಲ.

"ಮೂರ ವರ್ಷ ನಾ ದೇವಿ ಮ್ಯಾಲೆ ಸಿಟ್ಟ ಮಾಡೇನಿ" ಎಂದಳು. "ಆಕಿಗೆ ಒಂದು ಹೂವು ಏರಿಸಿಲ್ಲ. ನೀ ಅದನ್ನ ನೋಡಕೋತ ಕುಂತಿದ್ದಿ?"

ಶೇಂಗಾದ ಮೊರ ಎತ್ತಿಕೊಂಡು ಒಳಗೆ ಹೋದಳು. ಮರುದಿನ ದಸರೆ, ನನಗೆ ಹಬ್ಬದ ಬನ್ನಿ ಎಲೆ ಕಳಿಸಲಿಲ್ಲ. ಫೋನ್ ಮಾಡಿದರೆ ಅಣ್ಣನ ಕೈಗೆ ಕೊಡುವಳು. ದೀಪಾವಳಿ ಹತ್ತಿರ ಬಂದರೂ ಅದೇ. ಆದರೂ, ನಿನ್ನ ಮುಂದೆ ಯಾಕೆ ಮುಚ್ಚಿಡಲಿ, ಎದೆ ಹಗುರಾಗಿತ್ತು. ಆ ಸಿಟ್ಟು ನನಗೆ ಸಲ್ಲಬೇಕಾದದ್ದು, ತಡವಾಗಿ ನನ್ನ ಮನೆಗೆ ಬಂತು, ಅಷ್ಟೆ. ನಾನು ಕೆಲಸ ಬಿಡಲಿಲ್ಲ. ಗಲ್ಲಿಯ ಬಯಲಿನಲ್ಲಿ ಸಾಹೇಬರನ್ನು ಕರೆಸಿ ಎಲ್ಲರಿಗೂ ಕೈಯಾರೆ ಮಾಡಿಸುವ ಪಾಠ ಇಟ್ಟೆ, ಲಕ್ಷ್ಮೀಪೂಜೆಗೆ ಮೊದಲೇ. ಈ ಸಲ ಕರೆಯಲು ಮನೆ ಮನೆಗೆ ಹೋಗಬೇಕಾಗಲಿಲ್ಲ.

ಒಂದು ಮುಂಜಾನೆ ಅವ್ವನ ಫೋನು. ಹಲೋ ಇಲ್ಲ, ಏನಿಲ್ಲ. "ನಿನ್ನ ಆ ಬೆಂಕಿ ಪಾಠ ಯಾವಾಗ ಐತಿ?"

"ಐತವಾರ, ಯವ್ವಾ."

"ಬರ್ತೀನಿ" ಎಂದು ಇಟ್ಟಳು.

ನೀನು ಹೋದ ಮೇಲೆ ಅವ್ವ ಆ ಗಲ್ಲಿಗೆ ಕಾಲಿಟ್ಟಿರಲಿಲ್ಲ. ಆ ಭಾನುವಾರ ಬಂದಳು, ಕುರ್ಚಿ ಕೊಟ್ಟರೂ ಕೂರದೆ ಹೆಂಗಸರ ಗುಂಪಿನಲ್ಲಿ ನಿಂತಳು. ಸಾಹೇಬರ ಹುಡುಗರು ಸಿಲಿಂಡರಿನ ಪಿನ್ ತೆಗೆಯುವುದು, ಉರಿಯ ಬುಡಕ್ಕೆ ಹೊಡೆಯುವುದು ತೋರಿಸಿದರು. ಆಮೇಲೆ ಪರಶುರಾಮ ಕಾಕಾ ಮುಂದೆ ಬಂದರು. "ಆರತಿದು ನಾ ತೋರಸ್ತೀನಿ, ನನ್ನ ಕಡೆ ಇರ್ಲಿ" ಎಂದು, ಮೇಜಿನ ಮೇಲೆ ತಟ್ಟೆ ಇಟ್ಟು ಕರ್ಪೂರ ಹಚ್ಚಿ, ಸ್ಟೀಲಿನ ಮುಚ್ಚಳ ಬೋರಲು ಹಾಕಿದರು. ಆರಿತು.

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಜಿನ ಹತ್ತಿರ ಬಂದಳು. "ನನಗ ಕೊಡ್ರಿ ಇಲ್ಲೆ" ಎಂದು ಕಾಕಾನ ಕೈಯಿಂದ ಮುಚ್ಚಳ ತೆಗೆದುಕೊಂಡಳು. ತಾನೇ ಕರ್ಪೂರ ಇಟ್ಟು ಹಚ್ಚಿದಳು. ಉರಿ ಚೆನ್ನಾಗಿ ಏಳುವ ತನಕ ಕಾದಳು. ಮುಚ್ಚಿದಳು. ಸ್ವಲ್ಪ ಹೊತ್ತು ಬಿಟ್ಟು ಎತ್ತಿ ನೋಡಿದಳು. ಒಂದೆಳೆ ಹೊಗೆ.

"ಇಷ್ಟೇನ?" ಎಂದು ನನ್ನನ್ನು ಕೇಳಿದಳು.

"ಇಷ್ಟೇ, ಯವ್ವಾ."

"ಅವರಿಗೆ ಇಷ್ಟೇ ಸಾಕಿತ್ತೇನ?"

ಏನು ಹೇಳಲಿ ಅಪ್ಪಾ? "ಸಾಕಿತ್ತು" ಎಂದೆ.

ಅವ್ವ ತಲೆಯಾಡಿಸಿದಳು. ಕಣ್ಣು ಒರೆಸಿಕೊಂಡಳು, ಒಂದೇ ಸಲ. ಹೆಂಗಸರ ಕಡೆ ತಿರುಗಿ, "ದೀಪ ಆರಸಬಾರದು ಅಂತ ಮಕ್ಕಳಿಗೆ ಕಲಿಸಿದವರು ನಾವ. ಬರ್ರಿ, ಈಗ ನಾವ ಇದನ್ನೂ ಕಲೀಬೇಕು. ಒಬ್ಬೊಬ್ರ ಬರ್ರಿ" ಎಂದಳು. ಕಾಕಾನ ಹೆಂಡತಿ ಮೊದಲು ಬಂದರು. ಆಮೇಲೆ ಇನ್ನೊಬ್ಬರು. ಆಮೇಲೆ ಸಾಲು ನಿಂತಿತು. ಅವ್ವ ಪ್ರತಿಯೊಬ್ಬರಿಗೂ ಹೊಸ ಕರ್ಪೂರ ಇಟ್ಟು ಹಚ್ಚಿ ಕೊಟ್ಟಳು. ಕೈ ಹಿಂಜರಿದವರ ಕೈ ಹಿಡಿದು ಮುಚ್ಚಿಸಿದಳು. ಗಂಡಸರನ್ನೂ ಬಿಡಲಿಲ್ಲ.

ಎಲ್ಲರದೂ ಮುಗಿದ ಮೇಲೆ ಇನ್ನೊಂದು ಕರ್ಪೂರ ಹಚ್ಚಿ ನನ್ನನ್ನು ನೋಡಿದಳು. ಇಷ್ಟು ಜನರಿಗೆ ಪಾಠ ಹೇಳಿದ ನಾನು ಅಂದಿನವರೆಗೆ ಒಂದು ಆರತಿಯನ್ನೂ ಮುಚ್ಚಿರಲಿಲ್ಲ. ಅದು ಅವಳಿಗೆ ಹೇಗೆ ಗೊತ್ತಾಯಿತೋ. ಮುಚ್ಚಳ ನನ್ನ ಕೈಗೆ ಕೊಟ್ಟು, "ಈಗ ನೀ ಮುಚ್ಚ" ಎಂದಳು.

ಮುಚ್ಚಿದೆ, ಅಪ್ಪಾ.

ನಿನ್ನ
ಶೋಭಾ